ವೇಸ್ಟ್ ಎಂದರೆ ಓಗೊಡುವವನು

ಆ ಪ್ರೆಸ್ಸಿನಲ್ಲಿ ‘ವೇಸ್ಟ್’ ಎಂಬ ಹೆಸರಿಗೆ ಇಬ್ಬರು ಹಕ್ಕುದಾರರಿದ್ದರು. ಒಂದು, ಮುದ್ರಣ ಯಂತ್ರದ ಪಕ್ಕದಲ್ಲಿ ಮೊಣಕಾಲೆತ್ತರಕ್ಕೆ ಪೇರಿಸಿಟ್ಟಿದ್ದ ಹಳೆ ಹಾಳೆಗಳ ಕಟ್ಟು. ಇನ್ನೊಂದು, ಪ್ರೆಸ್ಸಿನ ಒಡತಿಯ ಸ್ವಂತ ತಮ್ಮ. ಕರೆದರೆ ಕಟ್ಟು ಬರುವುದಿಲ್ಲ, ತಮ್ಮ ಬರುತ್ತಾನೆ, ಇಬ್ಬರಿಗೂ ಇರುವ ವ್ಯತ್ಯಾಸ ಇಷ್ಟೇ ಎಂದು ಅಕ್ಕ ತಮಾಷೆ ಮಾಡುತ್ತಿದ್ದಳು. ಗಿರಾಕಿಗಳು ನಗುತ್ತಿದ್ದರು. ತಮ್ಮನೂ ನಗುತ್ತಿದ್ದ.

ಹಾಳೆಗಳ ಕತೆಯನ್ನು ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಲೆಗೆ ಹತ್ತುವುದಿಲ್ಲ. ಮುದ್ರಣ ಯಂತ್ರ ಬಹಳ ಹಟಮಾರಿ. ಹೊಸ ಕೆಲಸ ಕೊಟ್ಟ ತಕ್ಷಣ ಸರಿಯಾಗಿ ಮಾಡಿದರೆ ಅದರ ಗಂಟೇನೋ ಹೋಗುತ್ತದೆ ಎಂಬಂತೆ ಆಡುತ್ತದೆ. ಮೊದಮೊದಲು ಚಿತ್ರ ಓರೆ ಬೀಳುತ್ತದೆ, ಮಸಿ ಒಂದು ಕಡೆ ಗಾಢ, ಇನ್ನೊಂದು ಕಡೆ ಪೇಲವ. ಅದರ ಕೋಪ ಇಳಿಯುವವರೆಗೆ ಹೊಸ ಕಾಗದ ಉಣಿಸಿದರೆ ದಿವಾಳಿಯೇ ಸರಿ. ಹಾಗಾಗಿ ಹಿಂದಿನ ಕೆಲಸಗಳಲ್ಲಿ ಕೆಟ್ಟುಹೋದ, ಮಿಕ್ಕಿದ ಹಾಳೆಗಳನ್ನು ಮೊದಲು ಹಾಕುತ್ತಾರೆ. ಒಮ್ಮೆ ಅಚ್ಚಾದ ಹಾಳೆಯ ಮೇಲೆ ಇನ್ನೊಮ್ಮೆ ಅಚ್ಚು. ಈ ಹಾಳೆಗಳಿಗೆ ವೇಸ್ಟ್ ಎಂದು ಹೆಸರು. ಮಸಿ ಹದಕ್ಕೆ ಬಂದ ಕೂಡಲೇ, ಅಚ್ಚಾಗಿ ಬಿದ್ದ ಹಾಳೆಗಳ ಮೇಲೆ ಕೆಂಪು ರಟ್ಟಿನ ಒಂದು ಚೀಟಿಯನ್ನು ತುದಿ ಹೊರಗೆ ಕಾಣುವಂತೆ ಇಟ್ಟು, ಆಮೇಲೆ ಹೊಸ ಕಾಗದ ಹಾಕುತ್ತಾರೆ. ಚೀಟಿಯ ಕೆಳಗೆ ವೇಸ್ಟ್, ಮೇಲೆ ಮಾಲು. ಮಸಿ ಒಣಗಿದ ಮೇಲೆ ಚೀಟಿಯ ಮೇಲಿನದನ್ನು ಎತ್ತಿಕೊಂಡು, ಕೆಳಗಿನದನ್ನು ಮತ್ತೆ ಕಟ್ಟಿಗೆ ಸೇರಿಸುತ್ತಾರೆ. ಹಾಳೆಗಳ ರಾಶಿಯಲ್ಲಿ ಚೀಟಿ ಕಾಣದಿದ್ದರೆ ವೇಸ್ಟ್ ತೆಗೆದಾಗಿದೆ, ಎಲ್ಲವೂ ಒಳ್ಳೆಯ ಹಾಳೆ ಎಂದು ಅರ್ಥ. ಇದು ಅಪ್ಪನ ಕಾಲದ ನಿಯಮ. ಎಲ್ಲೂ ಬರೆದಿಟ್ಟಿರಲಿಲ್ಲ, ಯಾರೂ ಮೀರಿರಲೂ ಇಲ್ಲ.

ಇನ್ನು ತಮ್ಮನ ವಿಷಯ. ಹುಟ್ಟಿದಾಗ ಅವನಿಗೂ ಎಲ್ಲರ ಹಾಗೆ ಒಂದು ಹೆಸರಿಟ್ಟಿದ್ದರು. ಹಿರಿಯರು ಬೇರೆ ಏನೋ ಆರಿಸಿದ್ದಾಗ, ಆಗಿನ್ನೂ ಗಿಡ್ಡ ಲಂಗದ ಹುಡುಗಿಯಾಗಿದ್ದ ಅಕ್ಕ ನೆಲಕ್ಕೆ ಬಿದ್ದು ಹೊರಳಾಡಿ, ತನಗೆ ಬೇಕಾದ ಹೆಸರನ್ನೇ ಇಡಿಸಿದ್ದಳು. ಆಮೇಲೆ ಅವನು ಓದಿನಲ್ಲಿ ಮುಗ್ಗರಿಸಿದ. ಗಡಿಯಾರ ರಿಪೇರಿ ಕಲಿಯಲು ಹೋಗಿ, ಬಿಚ್ಚಿದ್ದನ್ನು ಜೋಡಿಸಲಾಗದೆ ವಾಪಸ್ಸು ಬಂದ. ಗೆಳೆಯನ ಜೊತೆ ಸೇರಿ ಸೈಕಲ್ ಅಂಗಡಿ ಇಟ್ಟ. ಗೆಳೆಯ ಕೈ ಎತ್ತಿದ. ಕೈ ಹಾಕಿದ್ದೆಲ್ಲ ಕೈ ಕೊಟ್ಟ ಮೇಲೆ ಪ್ರೆಸ್ಸಿಗೆ ಬಂದು ಮೂಲೆ ಹಿಡಿದ. ಅಷ್ಟರಲ್ಲಿ ಅಪ್ಪ ಇರಲಿಲ್ಲ, ಪ್ರೆಸ್ಸಿನ ಭಾರವೆಲ್ಲ ಅಕ್ಕನ ಹೆಗಲಿಗೆ ಬಿದ್ದಿತ್ತು. ಒಂದು ದಿನ ಗಿರಾಕಿಯೊಬ್ಬ “ಇವರು ಯಾರು?” ಎಂದು ಕೇಳಿದಾಗ, ಅಕ್ಕ ಯಂತ್ರದ ಪಕ್ಕದ ಕಟ್ಟನ್ನೂ ಅದರ ಪಕ್ಕ ನಿಂತಿದ್ದ ತಮ್ಮನನ್ನೂ ಒಂದೇ ನೋಟದಲ್ಲಿ ನೋಡಿ, “ಇದು ನಮ್ಮನೆ ವೇಸ್ಟ್ ಸಾರ್” ಎಂದುಬಿಟ್ಟಳು. ಗಿರಾಕಿ ಬಿದ್ದು ಬಿದ್ದು ನಕ್ಕ. ನಗಿಸಿದ ಮಾತು ಬಾಯಿಗೆ ರುಚಿ ಹತ್ತುತ್ತದೆ. ಅಕ್ಕ ಅದನ್ನು ಮತ್ತೆ ಮತ್ತೆ ಬಳಸಿದಳು. ಮೆಲ್ಲಗೆ ಅದೇ ಅವನ ಹೆಸರಾಯಿತು.

ಕನ್ನಡದಲ್ಲಿ ಬೈಗುಳಕ್ಕೇನು ಬರವೇ. ದಂಡಪಿಂಡ ಎನ್ನಬಹುದಿತ್ತು, ಕೆಲಸಕ್ಕೆ ಬಾರದವನು ಎನ್ನಬಹುದಿತ್ತು. ಹಾಗೆ ಅಂದಿದ್ದರೆ ಅಕ್ಕನೇ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು, ಆ ರಾತ್ರಿ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆದರೆ ಇಂಗ್ಲಿಷಿನಲ್ಲಿ ಬೈದರೆ ಅದು ಬೈಗುಳದ ಲೆಕ್ಕಕ್ಕೆ ಬರುವುದಿಲ್ಲವೆಂದು ಬಹಳ ಜನರಿಗೆ ಒಂದು ನಂಬಿಕೆ. ಅಂಥ ಮಾತು ಅಂದವರ ಕಿವಿಗೆ ಬೀಳುವುದೇ ಇಲ್ಲ, ಅನ್ನಿಸಿಕೊಂಡವರ ಕಿವಿಗೆ ಮಾತ್ರ ಬೀಳುತ್ತದೆ. ಅಕ್ಕ ಕೆಟ್ಟವಳಲ್ಲ. ತಮ್ಮನಿಗೆ ಜ್ವರ ಬಂದರೆ ಪ್ರೆಸ್ಸಿಗೆ ಬೀಗ ಹಾಕಿ ಅವನ ತಲೆಯ ಹತ್ತಿರ ಕೂರುವವಳು. ಮರುದಿನ ಅವನು ಎದ್ದು ಬಂದರೆ, “ಬಂತಪ್ಪ ನಮ್ಮ ವೇಸ್ಟು” ಎನ್ನುವವಳೂ ಅವಳೇ.

ಯಂತ್ರ ನಡೆಸುತ್ತಿದ್ದವನು ಅವರ ಸೋದರಮಾವ. ಅಪ್ಪನ ಕಾಲದಿಂದ ಅದರ ಮುಂದೆ ನಿಂತು ನಿಂತು ಅವನ ಮೊಣಕಾಲು ಸೋತಿದ್ದವು. ಇನ್ನು ಕುಳಿತು ಮಾಡುವ ಕೆಲಸವಾದರೆ ಸೈ, ನಿಲ್ಲುವುದು ನನ್ನಿಂದಾಗದು ಎಂದು ಅವನು ಹೇಳಿದಾಗ, ಯಂತ್ರ ಯಾರ ಕೈಗೆ ಎಂಬ ಪ್ರಶ್ನೆ ಬಂತು. ಮಾವ ಸದ್ದಿಲ್ಲದೆ ತಮ್ಮನಿಗೆ ಕೆಲಸ ಕಲಿಸಿಬಿಟ್ಟಿದ್ದ.

“ಅವನ ಕೈಗಾ?” ಎಂದಳು ಅಕ್ಕ. “ಮಾವ, ಅವನು ಮುಟ್ಟಿದ್ದು ಯಾವುದು ಉದ್ಧಾರ ಆಗಿದೆ ಹೇಳು.”

“ಇದು ಆಗುತ್ತೆ. ಒಂದು ಕೆಲಸ ಪೂರ್ತಿ ಅವನೊಬ್ಬನಿಗೇ ಬಿಟ್ಟು ನೋಡು. ಚೆನ್ನಾಗಿ ಬಂದ್ರೆ ಮಿಷನ್ ಅವನದು. ಕೆಟ್ಟರೆ ಹೊರಗಿನವರನ್ನ ಕರ್ಸ್ಕೋ. ನಾನು ಬಾಯಿ ಬಿಡಲ್ಲ.”

ಅಕ್ಕ ಒಲ್ಲದ ಮನಸ್ಸಿನಿಂದ ಹೂಂಗುಟ್ಟಿದಳು. ಪಕ್ಕದಲ್ಲೇ ಕಾಗದ ಎಣಿಸುತ್ತಿದ್ದ ತಮ್ಮನಿಗೆ ಎಲ್ಲವೂ ಕೇಳಿಸಿತ್ತು. ಅವನು ತಲೆ ಎತ್ತಲಿಲ್ಲ. ಎಣಿಕೆ ಮಾತ್ರ ತಪ್ಪಿಹೋಗಿ, ಮತ್ತೆ ಮೊದಲಿನಿಂದ ಎಣಿಸತೊಡಗಿದ.

ಆ ಕೆಲಸ ಬಂದದ್ದು ಅವರಿಬ್ಬರೂ ಓದಿದ್ದ ಶಾಲೆಯಿಂದ. ದೊಡ್ಡ ಟೀಚರು ನಿವೃತ್ತರಾಗುತ್ತಿದ್ದರು; ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ಅಭಿನಂದನಾ ಪುಸ್ತಕ ತರುತ್ತಿದ್ದರು. ಓಡಾಟವೆಲ್ಲ ಡ್ರಿಲ್ ಮೇಷ್ಟ್ರದು. ಮೈದಾನದಲ್ಲಿ ಕೂಗಿ ಕೂಗಿ ಅಭ್ಯಾಸವಾಗಿದ್ದ ಅವರು ಕೋಣೆಯೊಳಗೂ ಅಷ್ಟೇ ಗಟ್ಟಿಯಾಗಿ ಮಾತಾಡುತ್ತಿದ್ದರು. ಪುಸ್ತಕದ ಮೊದಲ ಪುಟದಲ್ಲಿ ಹೊಳಪು ಕಾಗದದ ಮೇಲೆ, ಕಂದು ಮಸಿಯಲ್ಲಿ, ದೊಡ್ಡ ಟೀಚರ ಭಾವಚಿತ್ರ ಬರಬೇಕಿತ್ತು. ಒಂದೊಂದು ಹಾಳೆಯಲ್ಲಿ ಹಲವು ಚಿತ್ರ ಹೊಡೆದು, ಆಮೇಲೆ ಕತ್ತರಿಸಿ ಪುಸ್ತಕಕ್ಕೆ ಅಂಟಿಸುವುದು.

ಭಾವಚಿತ್ರ ಹೊಡೆಯುವ ದಿನ ತಮ್ಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಮಸಿಯ ಕೆಲಸಕ್ಕೆ ಇಸ್ತ್ರಿ ಅಂಗಿ ಯಾಕೆಂದು ಮಾವ ಗದರಿದಾಗ, “ಅವಳೇ ಹಾಕ್ಕೊಂಡು ಹೋಗು ಅಂದ್ಲು” ಎಂದು ಹೆಂಡತಿಯ ಮೇಲೆ ಹಾಕಿದ. ಹಿಂದೆ ಒಂದು ಕುಕ್ಕರ್ ಅಂಗಡಿಗೆ ಹೊಡೆದಿದ್ದ ನೀಲಿ ಜಾಹೀರಾತಿನ ಹಾಳೆಗಳು ಕಟ್ಟಿನಲ್ಲಿದ್ದವು. ಅದೇ ಹೊಳಪು, ಅದೇ ದಪ್ಪ, ಹಿಂಬದಿ ಖಾಲಿ. ಮಾಲಿನ ದಪ್ಪದ್ದೇ ವೇಸ್ಟ್ ಹಾಕಿದರೆ ಯಂತ್ರ ಬೇಗ ಹದಕ್ಕೆ ಬರುತ್ತದೆಂದು ಅವನು ಅವನ್ನೇ ಹುಡುಕಿ ತೆಗೆದು, ಜಾಹೀರಾತಿನ ಬದಿ ಮೇಲೆ ಮಾಡಿ ಹಾಕಿದ. ಟೀಚರ ಮುಖ ಮೊದಲು ಹೊಗೆಯಲ್ಲಿ ಕಂಡಂತೆ ಕಂಡಿತು, ಆಮೇಲೆ ಒಂದು ಕೆನ್ನೆ ಕಪ್ಪಾಯಿತು, ಕೊನೆಗೆ ಎರಡು ಕಣ್ಣೂ ತಿಳಿಯಾದವು. ಅವನು ಯಂತ್ರ ನಿಲ್ಲಿಸಿ, ಕೆಂಪು ಚೀಟಿ ಇಟ್ಟು, ಹೊಸ ಕಾಗದ ತುಂಬಿದ. ಸಂಜೆಗೆ ಕೆಲಸ ಮುಗಿಯಿತು. ಒಣಗಲೆಂದು ರಾಶಿಯನ್ನು ಕಿಟಕಿಯ ಪಕ್ಕದ ಬೆಂಚಿನ ಮೇಲಿಟ್ಟು, ಮೇಲಿನ ಹಾಳೆಯನ್ನು ಇನ್ನೊಂದು ಸಲ ನೋಡಿ ಮನೆಗೆ ಹೋದ.

ಅಕ್ಕ ಇನ್ನೂ ಅಲ್ಲೇ ಇದ್ದಳು. ಮೇಷ್ಟ್ರ ಫೋನು ಬಂತು. ಹೊರಗೆ ಗಾಳಿ ಎದ್ದಿತ್ತು. ಆ ಕಿಟಕಿಯ ಬಾಗಿಲು ಮೊದಲಿನಿಂದಲೂ ಸಡಿಲ, ಗಾಳಿಗೆ ಪಟಪಟ ಬಡಿದುಕೊಳ್ಳತೊಡಗಿತು. ಒಂದು ಕಿವಿಯಲ್ಲಿ ಮೇಷ್ಟ್ರ ಗರ್ಜನೆ, ಇನ್ನೊಂದರಲ್ಲಿ ಕಿಟಕಿಯದು. “ಒಂದ್ನಿಮಿಷ ಸಾರ್” ಎನ್ನುತ್ತಲೇ ಅವಳು ಕೈಗೆ ಸಿಕ್ಕಿದ್ದೇನನ್ನೋ ಎಳೆದು, ಮಡಚಿ, ಕಿಟಕಿಯ ಸಂದಿಗೆ ತುರುಕಿದಳು. ಕಿಟಕಿ ಬಾಯಿ ಮುಚ್ಚಿತು, ಮೇಷ್ಟ್ರ ಮಾತು ಮುಂದುವರಿಯಿತು. ಕೈ ಮಾಡಿದ್ದು ತಲೆಗೆ ತಿಳಿಯಲೇ ಇಲ್ಲ.

ಮರುದಿನ ಬೆಳಿಗ್ಗೆ ತಮ್ಮನನ್ನು ಕಾಗದದ ಗೋದಾಮಿಗೆ ಕಳಿಸಿದ್ದಳು. ಪುಸ್ತಕಕ್ಕೆ ಅವಸರವಾಗಿತ್ತು. ಮಾವ ರಾಶಿಯನ್ನು ನೋಡಿದ, ಚೀಟಿ ಇರಲಿಲ್ಲ. ವೇಸ್ಟ್ ತೆಗೆದಿದ್ದಾನೆ ಎಂದುಕೊಂಡು ಎಲ್ಲವನ್ನೂ ಕತ್ತರಿಸಿ, ಬೈಂಡಿಂಗ್ ಮೇಜಿನಲ್ಲಿದ್ದ ತನ್ನ ಹೆಂಡತಿಗೆ ಕೊಟ್ಟ. ಅತ್ತೆ ಭಾವಚಿತ್ರಗಳನ್ನು ಮುಖ ಕೆಳಗೆ ಮಾಡಿಟ್ಟುಕೊಂಡು, ಹಿಂಬದಿಯ ಅಂಚಿಗೆ ಅಂಟು ಸವರಿ ಪುಸ್ತಕಕ್ಕೆ ಒತ್ತುವವಳು. ಅವಳಿಗೆ ಕಾಣುವುದು ಬಿಳಿ ಬೆನ್ನು ಮಾತ್ರ. ರಾಶಿಯನ್ನು ಬೋರಲು ಹಾಕಿದರೆ ಏನಾಗುತ್ತದೆ? ಅಡಿಯಲ್ಲಿದ್ದದ್ದು ಮೇಲೆ ಬರುತ್ತದೆ. ಮೊದಲು ತಯಾರಾದ ಪುಸ್ತಕಗಳನ್ನೇ ಬಣ್ಣದ ಕಾಗದದಲ್ಲಿ ಸುತ್ತಿ ವೇದಿಕೆಗೆಂದು ಎತ್ತಿಟ್ಟರು. ಮೇಷ್ಟ್ರು ಬಂದು ಉಳಿದವುಗಳಲ್ಲಿ ಒಂದನ್ನು ತೆರೆದು ನೋಡಿ, ಭೇಷ್ ಎಂದು ಹೊತ್ತುಕೊಂಡು ಹೋದರು.

ಸಮಾರಂಭಕ್ಕೆ ಅಕ್ಕ ಹೋಗಿದ್ದಳು, ಮುಂದಿನ ಸಾಲಿನಲ್ಲೇ ಕುಳಿತಿದ್ದಳು. ದೊಡ್ಡ ಟೀಚರು ಬಣ್ಣದ ಕಾಗದ ಬಿಚ್ಚಿ, ಪುಸ್ತಕ ತೆರೆದು, ಕನ್ನಡಕ ಸರಿ ಮಾಡಿಕೊಂಡರು. ಅವರ ಮುಖ ಹೇಗೋ ಆಯಿತು. ಪಕ್ಕದಲ್ಲಿದ್ದ ಅತಿಥಿ ಬಗ್ಗಿ ನೋಡಿ ಕೆಮ್ಮಿದರು. ಅತಿಥಿಗೆ ಕೊಟ್ಟಿದ್ದ ಪ್ರತಿಯನ್ನು ಇಸಿದುಕೊಂಡ ಇನ್ನೊಬ್ಬರು ಕಕ್ಕಾಬಿಕ್ಕಿಯಾಗಿ ಗಟ್ಟಿಯಾಗಿ ಓದಿಯೇ ಬಿಟ್ಟರು. ಟೀಚರ ಹಣೆಯ ಮೇಲೆ ಅಡ್ಡಲಾಗಿ ನೀಲಿ ದಪ್ಪ ಅಕ್ಷರಗಳಿದ್ದವು: ‘ಹಳೆಯದನ್ನು ತನ್ನಿ, ಹೊಸದನ್ನು ಒಯ್ಯಿರಿ.’ ಗಲ್ಲದ ಕೆಳಗೆ ಒಂದು ಕುಕ್ಕರು ಸೀಟಿ ಎತ್ತಿಕೊಂಡು ಕೂತಿತ್ತು.

ಹಿಂದಿನ ಸಾಲುಗಳಲ್ಲಿ ನಗು ಎದ್ದಿತು. ನಕ್ಕವರೂ ಕೆಟ್ಟವರಲ್ಲ, ಅಂಥದ್ದನ್ನು ಕೇಳಿ ನಗದಿರುವುದು ಕಷ್ಟ. ದೊಡ್ಡ ಟೀಚರು ಮೈಕಿನ ಹತ್ತಿರ ಬಂದು, “ನನ್ನ ಜಾಗಕ್ಕೆ ಹೊಸಬರು ಬರ್ತಿದ್ದಾರೆ ಅಂತ ಗೊತ್ತಿತ್ತು. ಇಷ್ಟು ಸ್ಪಷ್ಟವಾಗಿ ಅಚ್ಚು ಹಾಕಿಸ್ತೀರಿ ಅಂತ ಗೊತ್ತಿರ್ಲಿಲ್ಲ” ಎಂದರು. ಎಲ್ಲರೂ ನಿರಾಳವಾಗಿ ಚಪ್ಪಾಳೆ ತಟ್ಟಿದರು. ಆದರೆ ಅವರು ಪುಸ್ತಕವನ್ನು ಮತ್ತೆ ತೆರೆಯಲಿಲ್ಲ. ಮಡಿಲಿನಲ್ಲಿ ಬೋರಲು ಹಾಕಿಕೊಂಡು, ಅದರ ಮೇಲೆ ಎರಡೂ ಕೈ ಇಟ್ಟು ಕೊನೆಯವರೆಗೂ ಕುಳಿತಿದ್ದರು. ಅಕ್ಕನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆಗ ಅವಳಿಗಾದದ್ದು ನಾಚಿಕೆ ಹೌದು, ಆದರೆ ಅದು ತಮ್ಮನ ಮೇಲಿನ ನಾಚಿಕೆ. ತನ್ನ ಮೇಲಿನದು ಹೇಗಿರುತ್ತದೆಂದು ಅವಳಿಗಿನ್ನೂ ಗೊತ್ತಿರಲಿಲ್ಲ.

ಮರುದಿನ ಮೇಷ್ಟ್ರು ಕೆಟ್ಟ ಪುಸ್ತಕಗಳನ್ನು ಕಂಕುಳಲ್ಲಿಟ್ಟುಕೊಂಡು ಪ್ರೆಸ್ಸಿಗೆ ನುಗ್ಗಿದರು. ರಸ್ತೆಯ ಆಚೆ ಬದಿಯ ಅಂಗಡಿಯವರೂ ಇಣುಕಿ ನೋಡುವಷ್ಟು ಗಟ್ಟಿಯಾಗಿತ್ತು ಅವರ ಗಂಟಲು. ಅಕ್ಕನಿಗೆ ಉತ್ತರ ಹುಡುಕಬೇಕಾಗಲಿಲ್ಲ. ನಾಲಿಗೆಯ ತುದಿಯಲ್ಲೇ ಇತ್ತು.

“ತಪ್ಪಾಯ್ತು ಸಾರ್. ಇವನಿಗೆ ಕೊಡಬಾರ್ದಿತ್ತು. ಇವನೊಬ್ಬ ವೇಸ್ಟು ಅಂತ ಗೊತ್ತಿದ್ದೂ ಕೊಟ್ನಲ್ಲ, ನನ್ನ ಬುದ್ಧಿಗಿಷ್ಟು.”

ತಮ್ಮ ಯಂತ್ರದ ಪಕ್ಕದಲ್ಲಿ ನಿಂತಿದ್ದ. “ಚೀಟಿ ಇಟ್ಟಿದ್ದೆ ಅಕ್ಕ” ಎಂದ.

“ಇಟ್ಟಿದ್ರೆ ಎಲ್ಲೋಯ್ತು? ರೆಕ್ಕೆ ಬಂದು ಹಾರ್ಹೋಯ್ತಾ?”

ಮೇಷ್ಟ್ರು ಅಷ್ಟು ಕೋಪದಲ್ಲೂ ಫಕ್ಕನೆ ನಕ್ಕರು. ತಮ್ಮ ಹಾರಿಹೋದದ್ದನ್ನು ನಿಜವಾಗಿಯೂ ಹುಡುಕುವವನಂತೆ ಸುತ್ತ ನೋಡಿದ. ಬೆಂಚು, ಬೆಂಚಿನ ಕೆಳಗೆ, ಗೋಡೆ, ಕಿಟಕಿ. ಕಿಟಕಿಯ ಹತ್ತಿರ ಅವನ ಕಣ್ಣು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅಕ್ಕನನ್ನು ನೋಡಿದ. ಆಮೇಲೆ ನೆಲ.

“ಮರೆತಿರ್ಬೇಕು” ಎಂದ.

“ನೋಡಿದ್ರಾ ಸಾರ್?” ಎಂದಳು ಅಕ್ಕ ಗೆದ್ದವಳಂತೆ. “ಈಗ ಬಾಯಿ ಬಿಟ್ಟ.” ಮೇಷ್ಟ್ರ ಎದುರಿಗೇ ತೀರ್ಮಾನವನ್ನೂ ಕೊಟ್ಟಳು. ಇನ್ನು ಮುಂದೆ ಅವನು ಯಂತ್ರ ಮುಟ್ಟಬೇಕಾಗಿಲ್ಲ, ಬೇರೆ ಪ್ರೆಸ್ಸಿನವನೊಬ್ಬನನ್ನು ಕರೆಸುತ್ತೇನೆ, ಅವನೇ ಭಾವಚಿತ್ರ ಮತ್ತೆ ಹೊಡೆದುಕೊಡುತ್ತಾನೆ. ಕೊಟ್ಟ ಮಾತಿನಂತೆ ಮಾವ ಬಾಯಿ ಬಿಡಲಿಲ್ಲ. ತಮ್ಮ ಕೈಯ ಮಸಿ ಒರೆಸಿಕೊಂಡು, ಒಳಗೆ ಹೋಗಿ ಕಟ್ಟು ಕಟ್ಟುವ ಕೆಲಸಕ್ಕೆ ಕುಳಿತ.

ಅಂದು ಸಂಜೆ ಎಲ್ಲರೂ ಹೊರಡುವ ಹೊತ್ತಿಗೆ ಅಕ್ಕ ಆ ಹೊರಗಿನವನಿಗೆ ಫೋನು ಹಚ್ಚಿದಳು. ಮಾತಾಡುತ್ತ ಮಾತಾಡುತ್ತ ಅಭ್ಯಾಸದಂತೆ ಕಿಟಕಿಗೆ ಒರಗಿದಳು. ಗಾಳಿ ಇತ್ತು, ಆದರೆ ಕಿಟಕಿ ಸದ್ದು ಮಾಡುತ್ತಿರಲಿಲ್ಲ. ಯಾಕೆ ಮಾಡುತ್ತಿಲ್ಲ ಎಂದು ಕಣ್ಣು ತಾನಾಗಿ ಅತ್ತ ಹೊರಳಿತು. ಸಂದಿಯಿಂದ ಕೆಂಪು ರಟ್ಟಿನ ತುದಿಯೊಂದು, ಮಗು ಅಣಕಿಸಿ ನಾಲಿಗೆ ಚಾಚಿದಂತೆ, ಹೊರಗೆ ಬಂದಿತ್ತು.

“ಹಲೋ, ಹಲೋ” ಎಂದು ಆ ಕಡೆಯವನು ಕೂಗುತ್ತಲೇ ಇದ್ದ. ಅಕ್ಕ ಫೋನು ಇಟ್ಟುಬಿಟ್ಟಳು. ಕೈಗೆ ನೆನಪು ಬಂದಿತ್ತು: ಎಳೆದದ್ದು, ಮಡಚಿದ್ದು, ತುರುಕಿದ್ದು. ಕಿವಿಯ ಬುಡದಿಂದ ಬಿಸಿ ಏರಿ ಮುಖವೆಲ್ಲ ಸುಟ್ಟಂತಾಯಿತು. ಆಚೆ ಮೇಜಿನಲ್ಲಿ ಮಾವ ಚೀಲ ಕಟ್ಟಿಕೊಳ್ಳುತ್ತಿದ್ದ. ಅವನಿಗೆ ಕಾಣದಿರಲೆಂದು ಅವಳು ಕಿಟಕಿಗೆ ಬೆನ್ನು ಕೊಟ್ಟು, ಅವನು ಹೊರಡುವವರೆಗೂ ಅಡ್ಡ ನಿಂತಳು. ಆಮೇಲಾದರೂ ಚೀಟಿಯನ್ನು ಕೀಳಬಹುದಿತ್ತು. ಮುಟ್ಟಲು ಕೈ ಬರಲಿಲ್ಲ. ದೀಪ ಆರಿಸಿ, ಓಡುವವಳಂತೆ ಮನೆಗೆ ಹೋದಳು.

ಮನೆಯಲ್ಲಿ ತನಗೆ ತಾನೇ ವಕೀಲಿ ಮಾಡಿಕೊಂಡಳು. ಬೇಕೆಂದು ಮಾಡಿದ್ದಲ್ಲ. ಗಾಳಿಯದು ತಪ್ಪು, ಮೇಷ್ಟ್ರ ಫೋನಿನದು ತಪ್ಪು. ಅವನೂ ಬೆಳಿಗ್ಗೆ ಗೋದಾಮಿಗೆ ಹೋಗುವ ಮುಂಚೆ ವೇಸ್ಟ್ ತೆಗೆದಿಡಬಹುದಿತ್ತಲ್ಲ. ಆದರೆ ಗೋದಾಮಿಗೆ ಹೊರಡಿಸಿದ್ದೂ ತಾನೇ. ಎಷ್ಟು ಜಗ್ಗಿದರೂ ಹಗ್ಗ ತನ್ನ ಕಾಲಿಗೇ ಸುತ್ತಿಕೊಳ್ಳುತ್ತಿತ್ತು. ಒಂದು ಮಾತು ಬಿಟ್ಟರೆ ಮಿಕ್ಕಿದ್ದೆಲ್ಲಕ್ಕೂ ಸಮಾಧಾನ ಹೇಳಿಕೊಂಡಳು. ರೆಕ್ಕೆ ಬಂದು ಹಾರ್ಹೋಯ್ತಾ ಎಂದು ಕೇಳಿದ್ದಳಲ್ಲ, ಅದೊಂದಕ್ಕೆ ಯಾವ ಸಮಾಧಾನವೂ ಸಿಗಲಿಲ್ಲ.

ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಪ್ರೆಸ್ಸಿಗೆ ಹೊರಟಳು. ತಪ್ಪೊಪ್ಪಿಕೊಳ್ಳಲು ಹೊರಟಳು ಎಂದು ಬರೆದರೆ ಕತೆಗೆ ಶೋಭೆ, ಆದರೆ ಅವಳು ಹೊರಟದ್ದು ಚೀಟಿಯನ್ನು ಕಿತ್ತು ಅಂಟು ಕಾಯಿಸುವ ಒಲೆಗೆ ಹಾಕಲು. ಬಾಗಿಲ ಬೀಗ ಆಗಲೇ ತೆಗೆದಿತ್ತು. ನೇರವಾಗಿ ಕಿಟಕಿಯ ಹತ್ತಿರ ಹೋದಳು. ಚೀಟಿ ಇರಲಿಲ್ಲ. ಅದಿದ್ದ ಸಂದಿಯಲ್ಲಿ ಪುಟ್ಟ ಮರದ ತುಂಡೊಂದು ಕೂತಿತ್ತು. ಉಪ್ಪುಕಾಗದದಿಂದ ತಿಕ್ಕಿ ನುಣ್ಣಗೆ ಮಾಡಿ, ಸಂದಿಗೆ ಸರಿಯಾಗಿ ಹೊಂದುವಂತೆ ಒಂದು ಬದಿ ತೆಳ್ಳಗೆ ಮಾಡಿದ್ದ ತುಂಡು. ಅವಳು ಕಿಟಕಿಯನ್ನು ಅಲ್ಲಾಡಿಸಿ ನೋಡಿದಳು. ಅದು ಮಿಸುಕಲಿಲ್ಲ.

ಒಳಗೆ ತಮ್ಮ ಕಾಗದದ ಕಟ್ಟಿಗೆ ದಾರ ಬಿಗಿಯುತ್ತಿದ್ದ.

“ಕಿಟಕಿಗೆ ಮರದ ತುಂಡು ಯಾರು ಇಟ್ಟಿದ್ದು?” ಎಂದು ಕೇಳಿದಳು ಅಕ್ಕ.

“ನಾನೇ. ಗಾಳಿಗೆ ಬಡ್ಕೋತಿತ್ತಲ್ಲ.”

“ಅಲ್ಲೊಂದು ಚೀಟಿ ಇತ್ತು.”

ಅವನು ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಗಂಟು ಹಾಕಿದ. “ಒಲೆಗೆ ಹಾಕ್ದೆ. ಮಾವ ನೋಡಿದ್ರೆ ಕೇಳ್ತಿದ್ದ.”

“ನಿನ್ನೆ ಮೇಷ್ಟ್ರ ಮುಂದೆಯೇ ನೋಡಿದ್ದೆ ಅಲ್ವಾ? ಯಾಕೋ ಹೇಳ್ಲಿಲ್ಲ? ಬೆರಳು ಮಾಡಿ ತೋರಿಸಿದ್ರೆ ಮುಗೀತಿತ್ತು.”

“ತೋರಿಸ್ಬೇಕು ಅಂತ್ಲೇ ಇದ್ದೆ.” ಅವನು ಇನ್ನೊಂದು ಕಟ್ಟು ಎಳೆದುಕೊಂಡ. “ಸಿಟ್ಟೂ ಬಂದಿತ್ತು ನಂಗೆ. ಆಮೇಲೆ ನಿನ್ನ ಮುಖ ನೋಡ್ದೆ. ಅಷ್ಟು ಜನದ ಮುಂದೆ ನೀನು ಅನ್ನಿಸ್ಕೊಂಡ್ರೆ ತಡ್ಕೊಳ್ಳಲ್ಲ ಅನ್ನಿಸ್ತು. ನಂಗೆ ಅಭ್ಯಾಸ ಇದೆ ಅಕ್ಕ. ನಿಂಗಿಲ್ಲ.”

ಅವನು ಚುಚ್ಚಲೆಂದು ಹೇಳಿದ್ದಲ್ಲ. ನಿನಗೆ ಈಜು ಬರುವುದಿಲ್ಲ, ನೀರಿಗಿಳಿಯಬೇಡ ಎಂದಷ್ಟೇ ಸಹಜವಾಗಿ ಹೇಳಿದ್ದ. ಚುಚ್ಚಿದ್ದರೆ ಅಕ್ಕ ತಿರುಗಿ ಏನಾದರೂ ಅನ್ನುತ್ತಿದ್ದಳು. ಈಗ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಆ ಮಾತನ್ನು ಎಷ್ಟು ವರ್ಷ, ಎಷ್ಟು ಜನರ ಮುಂದೆ, ಎಷ್ಟು ಸಲೀಸಾಗಿ ಅಂದಿದ್ದಳು. ಒಂದೊಂದು ಸಲವೂ ಅದು ಅವನ ಮೇಲೆ ಬಿದ್ದಿತ್ತು, ಒಂದೊಂದು ಸಲವೂ ಅವನು ತಡೆದುಕೊಂಡಿದ್ದ. ಅದು ತಮಾಷೆ ಎಂದು ತಿಳಿದಿದ್ದವಳು ಅವಳೊಬ್ಬಳೇ. ತಾನು ಕೀಳು ಹೆಂಗಸು ಎಂದು ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದು ಅಚ್ಚಕನ್ನಡದಲ್ಲಿ.

ಮೇಷ್ಟ್ರು ಬಂದಾಗ ಮಾವ, ಅತ್ತೆ, ಎಲ್ಲರೂ ಇದ್ದರು. “ಎಲ್ಲಮ್ಮಾ ನಿಮ್ಮ ಹೊಸ ಮನುಷ್ಯ?” ಎಂದು ಬಾಗಿಲಲ್ಲೇ ಗುಡುಗಿದರು. ಅಕ್ಕ ಸೆರಗು ಬಿಗಿದುಕೊಂಡು ಎದ್ದು ನಿಂತಳು.

“ಹೊಸಬರು ಯಾರೂ ಬರಲ್ಲ ಸಾರ್. ತಪ್ಪು ನಂದು. ಅವನು ಚೀಟಿ ಇಟ್ಟಿದ್ದ. ಕಿಟಕಿ ಬಡ್ಕೋತಿದೆ ಅಂತ ನಾನೇ ಅದನ್ನ ಎಳೆದು ಸಂದಿಗೆ ಸಿಕ್ಕಿಸಿದ್ದೆ. ಮರ್ತು ಅವನನ್ನ ಬೈದೆ.”

ಮೇಷ್ಟ್ರು ಕಿಟಕಿ ನೋಡಿದರು. “ಎಲ್ಲಿದೆ ಚೀಟಿ?”

“ಈಗಿಲ್ಲ.”

ಮೇಷ್ಟ್ರು ಮರದ ತುಂಡನ್ನು ನೋಡಿದರು, ತಮ್ಮನನ್ನು ನೋಡಿದರು, ಮತ್ತೆ ಅಕ್ಕನನ್ನು ನೋಡಿದರು. ಅವರ ಗಡಸು ಮುಖ ಮೆಲ್ಲಗೆ ಮೆತ್ತಗಾಯಿತು. “ಗೊತ್ತಾಯ್ತು ಬಿಡಿ” ಎಂದರು, ಹುಟ್ಟಿದ ಮೇಲೆ ಮೊದಲ ಸಲವೆಂಬಂತೆ ತಗ್ಗಿದ ದನಿಯಲ್ಲಿ. “ಒಡಹುಟ್ಟಿದವಳು ಅಂದ್ರೆ ಹೀಗಿರ್ಬೇಕು. ನಂಗೂ ಒಬ್ಳು ಅಕ್ಕ ಇದ್ದಾಳೆ, ನಾನು ಮಾಡದ ತಪ್ಪನ್ನೂ ಊರಿಗೆಲ್ಲ ಸಾರ್ಕೊಂಡು ಬರ್ತಾಳೆ.”

“ಸುಳ್ಳಲ್ಲ ಸಾರ್. ಅವನನ್ನೇ ಕೇಳಿ.”

ತಮ್ಮ ತಲೆ ಕೆರೆದುಕೊಂಡ. “ಯಾರಾದ್ರೇನು ಬಿಡಿ ಸಾರ್. ಸಂಜೆಯೊಳಗೆ ಹಾಳೆ ಹೊಡ್ದು ಕೊಡ್ತೀನಿ.”

ಅಷ್ಟು ಸಾಕಾಯಿತು. ಮೇಷ್ಟ್ರು ಎಲ್ಲ ಅರ್ಥವಾದವರಂತೆ ತಲೆದೂಗಿದರು. ಬೈಂಡಿಂಗ್ ಮೇಜಿನ ಹಿಂದೆ ಅತ್ತೆ ಕಣ್ಣೊರೆಸಿಕೊಂಡು, “ತಮ್ಮನ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಂಡ್ಲಲ್ಲ, ಎಂಥ ಮನಸ್ಸು ಇವಳದು” ಎಂದು ಮಾವನಿಗೆ ಹೇಳಿದಳು. ಮಾವ ಮಾತ್ರ ಕಿಟಕಿಯನ್ನೇ ನೋಡುತ್ತಿದ್ದ. ಅಕ್ಕ ಇನ್ನೊಮ್ಮೆ ಹೇಳಿದಳು, ಮತ್ತೊಮ್ಮೆ ಹೇಳಿದಳು. ಹೇಳಿದಷ್ಟೂ ಅವಳು ದೊಡ್ಡವಳಾಗುತ್ತ ಹೋದಳು. ಯಾರೂ ನಂಬಲಿಲ್ಲ. ಯಾಕೆ ನಂಬಬೇಕು? ತಪ್ಪು ಮಾಡುವವನು ಯಾರೆಂದು ಆ ಊರಿಗೆಲ್ಲ ಹೇಳಿಕೊಟ್ಟವಳು ಅವಳೇ. ಬೈಸಿಕೊಳ್ಳಲೆಂದು ಮೈ ಗಟ್ಟಿ ಮಾಡಿಕೊಂಡು ಬಂದಿದ್ದಳು. ಹೊಗಳಿಕೆ ಬಂದು ಬಿತ್ತು. ಅದು ಬೈಗುಳಕ್ಕಿಂತ ಜೋರಾಗಿ ತಾಗಿತು.

“ಮಿಷನ್ ಅವನೇ ನಡೆಸ್ತಾನೆ” ಎಂದಳು ಕೊನೆಗೆ. “ಇವತ್ತೂ ಅವನೇ, ಇನ್ಮುಂದೆಯೂ ಅವನೇ.”

“ಆಗ್ಲಿ, ನಿಮ್ಮಿಷ್ಟ” ಎಂದ ಮೇಷ್ಟ್ರು ಹೊರಡುವಾಗ ತಮ್ಮನ ಬೆನ್ನು ತಟ್ಟಿದರು. “ಏ ವೇಸ್ಟು, ಈ ಸಲನಾದ್ರೂ ನಿಮ್ಮಕ್ಕನ ಮರ್ಯಾದೆ ಉಳ್ಸಪ್ಪ.”

“ಹೂಂ ಸಾರ್” ಎಂದ ತಮ್ಮ.

ಅಕ್ಕ ಬಾಯಿ ತೆರೆದಳು. ಹಾಗೆ ಕರೆಯಬೇಡಿ ಎನ್ನಬೇಕೆಂದಿದ್ದಳು. ಆದರೆ ಮೇಷ್ಟ್ರು ಅಂದದ್ದು ಅವಳದ್ದೇ ರಾಗದಲ್ಲಿ, ಕೊನೆಯಲ್ಲಿ ಸ್ವಲ್ಪ ಎಳೆದು. ಅಷ್ಟರಲ್ಲಿ ಅವರು ಮೆಟ್ಟಿಲಿಳಿದು ಹೋಗಿಯೇ ಬಿಟ್ಟರು.

ತಮ್ಮ ಯಂತ್ರಕ್ಕೆ ಎಣ್ಣೆ ಬಿಟ್ಟು, ವೇಸ್ಟಿನ ಕಟ್ಟಿನಿಂದ ಹಾಳೆಗಳನ್ನು ಆರಿಸಿ ಹಾಕಿ, ಗುಂಡಿ ಒತ್ತಿದ. ಯಂತ್ರ ಗಡಗಡ ಎಂದು ಶುರುವಾಯಿತು. ಅಕ್ಕ ರಟ್ಟಿನ ಚೂರುಗಳ ಡಬ್ಬ ಹುಡುಕಿ, ಒಂದು ಕೆಂಪು ಚೀಟಿ ಕತ್ತರಿಸಿಕೊಂಡು ಅವನ ಹಿಂದೆ ಬಂದು ನಿಂತಳು. ಮಸಿ ಹದಕ್ಕೆ ಬರುವುದನ್ನು ಕಾದಳು. ಟೀಚರ ಎರಡು ಕಣ್ಣೂ ತಿಳಿಯಾದ ಕೂಡಲೇ ಅವನು ಯಂತ್ರ ನಿಲ್ಲಿಸಿದ. ಕೋಣೆ ಇದ್ದಕ್ಕಿದ್ದಂತೆ ನಿಶ್ಶಬ್ದವಾಯಿತು. ಆಗ ಅವಳು ಅವನನ್ನು ಹೆಸರು ಹಿಡಿದು ಕರೆದಳು. ನೆಲಕ್ಕೆ ಬಿದ್ದು ಹೊರಳಾಡಿ ತಾನೇ ಇಡಿಸಿದ್ದ ಹೆಸರು. ಬಾಯಲ್ಲಿ ಅದಕ್ಕೆ ಜಾಗವೇ ಇಲ್ಲದಂತಾಗಿ, ಹೊರಬರುವಾಗ ತೊಡರಿತು.

ಅವನು ತಿರುಗಲಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದ. ಅವಳು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಕರೆದಳು. ತಮ್ಮ ಈಗ ತಲೆ ಎತ್ತಿದ. ಯಾರೋ ಹೊಸ ಗಿರಾಕಿ ಬಂದಿರಬೇಕು, ಅವರನ್ನೇ ಅಕ್ಕ ಕರೆಯುತ್ತಿರಬೇಕು ಎಂದುಕೊಂಡು, ದಾರಿ ಬಿಡಲು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಬಾಗಿಲ ಕಡೆ ನೋಡಿದ.